ಸ್ಕೂಟರ್ ವಾಚು

ಆ ಮನೆಗೆ ಫ್ರಿಜ್ಜು ಬಂದದ್ದು ಬಹಳ ತಡವಾಗಿ. ಫ್ರಿಜ್ಜಿನ ವಾಚು ಮಾತ್ರ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದಿತ್ತು.

ಯಜಮಾನರು ಕಾಲೇಜುಗಳಿಗೂ ಆಸ್ಪತ್ರೆಗಳಿಗೂ ಸೂಕ್ಷ್ಮದರ್ಶಕ, ತಕ್ಕಡಿ, ಉಷ್ಣಮಾಪಕ ಮಾರುವ ಏಜೆಂಟರಾಗಿದ್ದವರು. ವ್ಯಾಪಾರ ಕುದುರಿ ಕಮಿಷನ್ ಕೈಗೆ ಬಂದ ವರ್ಷ ಮನೆಗೆ ಏನಾದರೊಂದು ಕೊಳ್ಳುವ ಮಾತು ಏಳುತ್ತಿತ್ತು. ಫ್ರಿಜ್ಜು ತರುತ್ತೇನೆಂದು ಹೋದವರು ಒಮ್ಮೆ ಬರಿಗೈಯಲ್ಲಿ ಬಂದರು. ಬರಿಗೈ ಎಂದರೆ ಪೂರ್ತಿ ಬರಿಗೈಯಲ್ಲ, ಮಣಿಕಟ್ಟಿನ ಮೇಲೆ ವಾಚಿತ್ತು. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಗಿಲು ಎಲ್ಲಿದೆ? ಹಾಲು ಎಲ್ಲಿಡಬೇಕು?" ಎಂದು ಕೇಳಿದರು. ಅಂದಿನಿಂದ ಅದರ ಹೆಸರು ಫ್ರಿಜ್ಜು. ಆಮೇಲೆ ವಾಷಿಂಗ್ ಮೆಷಿನ್ ಬಂತು, ಸೋಫಾ ಬಂತು, ಬಚ್ಚಲುಮನೆಯ ಟೈಲ್ಸು ಬಂತು, ಸ್ಕೂಟರ್ ಬಂತು. ಎಲ್ಲವೂ ಬೀರುವಿನೊಳಕ್ಕೆ. ಅವುಗಳ ಕಂಪನಿಯ ಹೆಸರುಗಳು ದೊಡ್ಡ ದೊಡ್ಡವು, ಆದರೆ ಅವು ಗೊತ್ತಿದ್ದುದು ಯಜಮಾನರಿಗೊಬ್ಬರಿಗೇ. ಉಳಿದವರಿಗೆಲ್ಲ ಫ್ರಿಜ್ಜು ಫ್ರಿಜ್ಜೇ.

ಹೆಂಡತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು, ಗಂಡನೂ ಹಾಗೇ ಕರೆಯುತ್ತಿದ್ದರು. ಮಗ ಲಿಫ್ಟು ರಿಪೇರಿ ಮಾಡುವವನು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಲಗುವ ಕೋಣೆಗಳೆರಡೂ ಮಹಡಿಯ ಮೇಲೆ. ಕೆಳಗೆ ನಡುಮನೆ, ಅಡುಗೆಮನೆ, ಬಚ್ಚಲು. ಇವುಗಳ ಹಿಂದೆ ಬಿಸಿಲು ಬೀಳದ ಒಂದು ಕೋಣೆ. ಅದು ವಾಚಿನ ಕೋಣೆ.

ಟೀಚರಮ್ಮನ ಎರಡೂ ಮಂಡಿ ಕೈಕೊಟ್ಟು, ಡಾಕ್ಟರು ಮೆಟ್ಟಿಲು ಹತ್ತಲೇಬೇಡಿ ಎಂದ ಮೇಲೆ ಅವರು ನಡುಮನೆಯಲ್ಲಿ, ಕೊನೆಗೂ ಬಂದಿದ್ದ ನಿಜವಾದ ಸೋಫಾದ ಮೇಲೆ ಮಲಗತೊಡಗಿದರು. ಸೋಫಾ ಮೂರು ಜನ ಕೂರುವಂಥದ್ದು, ಒಬ್ಬರು ಮಲಗುವಂಥದ್ದಲ್ಲ. ಕಾಲು ಚಾಚಿದರೆ ಹಿಮ್ಮಡಿ ಸೋಫಾದ ತೋಳಿನ ಮೇಲೆ ನಿಲ್ಲುತ್ತಿತ್ತು. ಎಲ್ಲೋ ಲಿಫ್ಟು ಕೆಟ್ಟಿತೆಂದು ಮಗ ಹೊತ್ತಲ್ಲದ ಹೊತ್ತಿಗೆ ಹೊರಟರೆ ದೀಪ ಹತ್ತುವುದು ಅವರ ತಲೆಯ ಮೇಲೇ.

"ಹಿಂದಿನ ಕೋಣೆ ಖಾಲಿ ಮಾಡಿಕೊಡಿ, ಒಂದು ಮಂಚ ಹಾಕ್ಕೋತೀನಿ" ಎಂದು ಅವರು ಕೇಳಿದ್ದು ಒಂದು ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

"ಮಾಡೋಣ" ಎಂದರು ಯಜಮಾನರು.

"ಯಾವಾಗ?"

"ವಾಚು ಎಲ್ಲಿಡೋದು ಅಂತ ಮೊದಲು ನೋಡ್ಬೇಕಲ್ಲ. ಮಹಡಿ ಮೇಲೆ ತಾರಸಿ ಕಾಯುತ್ತೆ. ಕಾದರೆ ಒಳಗಿನ ಎಣ್ಣೆ ತೆಳ್ಳಗಾಗುತ್ತೆ. ಎಣ್ಣೆ ತೆಳ್ಳಗಾದರೆ ಓಟ ಕೆಡುತ್ತೆ."

"ನನ್ನ ಮಂಡೀಲಿ ಎಣ್ಣೆ ಒಣಗೇ ಹೋಗಿದೆಯಂತೆ. ಅದರ ಓಟ ಯಾರು ನೋಡ್ತಾರೆ?"

ಮಗ ಬ್ರೆಡ್ಡು ಕಚ್ಚಿಕೊಂಡೇ ನಕ್ಕ. ತಾಯಿ ಅವನ ಕಡೆ ತಿರುಗಿದರು. "ನಗು ನಗು. ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡ್ತೀಯ. ಹೆತ್ತವಳನ್ನ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸೋ ಯೋಗ್ಯತೆ ಇಲ್ಲ."

"ನಾನೇನು ಮಾಡ್ಲಮ್ಮ? ಆ ಕೋಣೆಗೆ ನಂಗೇ ಪ್ರವೇಶ ಇಲ್ಲ."

ಅದು ನಿಜ. ಯಜಮಾನರು ದಿನಾ ಬೆಳಿಗ್ಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಎಲ್ಲ ವಾಚುಗಳಿಗೂ ಕೊಂಡ ಕ್ರಮದಲ್ಲಿ ಕೀ ಕೊಟ್ಟು ಹೊರಗೆ ಬರುವವರೆಗೆ ತಿಂಡಿಯಿಲ್ಲ. ಬೀರುವಿನ ಬಾಗಿಲ ಒಳಮೈಗೆ ಕಪ್ಪು ಬಣ್ಣ ಬಳಿದಿತ್ತು. ರೇಡಿಯೋದ ಸಮಯದ ಪಕ್ಕದಲ್ಲಿಟ್ಟು ನೋಡಿ, ಯಾವ ವಾಚು ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿ ಬರೆಯುತ್ತಿದ್ದರು. ಮುಳ್ಳುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೊಂಡ ದಿನ ಒಂದು ಸಲ ಸಮಯ ಕೂಡಿಸಿದರೆ ಮುಗಿಯಿತು. ಆಮೇಲೆ ದಿನಕ್ಕೆ ಕೆಲವು ಸೆಕೆಂಡು ಮುಂದೆ ಓಡುವುದು ಓಡುತ್ತ ಹೋಗಬೇಕು, ಹಿಂದೆ ಬೀಳುವುದು ಬೀಳುತ್ತ ಹೋಗಬೇಕು. ಎಣ್ಣೆ ಹಾಕಿಸಿ ತಂದಾಗಲೂ ಲೆಕ್ಕ ಹಾಕಿ ಅದರ ಹಳೆಯ ತಪ್ಪಿಗೇ ಕೂಡಿಸುತ್ತಿದ್ದರು. ಹೀಗೆ ದಶಕಗಳು ಕಳೆದು, ಬೀರು ತೆರೆದರೆ ಒಂದರಲ್ಲಿ ಬೆಳಗಿನ ಜಾವ, ಇನ್ನೊಂದರಲ್ಲಿ ಊಟದ ಹೊತ್ತು, ಮತ್ತೊಂದರಲ್ಲಿ ದೀಪ ಹಚ್ಚುವ ಹೊತ್ತು.

"ತಪ್ಪೇ ಇಲ್ಲದ ತಕ್ಕಡಿ ಎಲ್ಲೂ ಇಲ್ಲ ಸಾರ್, ತಪ್ಪು ಎಷ್ಟು ಅಂತ ಗೊತ್ತಿರೋ ತಕ್ಕಡಿ ಇದೆ" ಎಂದು ಅವರು ಪ್ರೊಫೆಸರುಗಳಿಗೆ ಹೇಳಿ ಎಷ್ಟೋ ತಕ್ಕಡಿ ಮಾರಿದ್ದರು. ವಾಚಿನ ವಿಷಯವೂ ಅವರಿಗೆ ಅಷ್ಟೇ. ದಿನಾ ತಿದ್ದುತ್ತಿದ್ದರೆ ಅದರ ಗುಣ ತಿಳಿಯುವುದು ಹೇಗೆ? ವಾಚಿನ ಈ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯವರು ತಿಳಿದುಕೊಂಡದ್ದು, ಅಷ್ಟು ಬೆಲೆ ಕೊಟ್ಟು ತಂದದ್ದರಲ್ಲಿ ಒಂದೂ ಸರಿಯಿಲ್ಲ ಎಂದು. "ಬೀರು ತುಂಬ ವಾಚಿದ್ದೂ ಟೈಮ್ ನೋಡೋಕೆ ನನ್ನ ಅಡುಗೆಮನೆಗೇ ಬರ್ತಾರೆ" ಎಂದು ಟೀಚರಮ್ಮ ನೆಂಟರ ಮುಂದೆ ನಗುತ್ತಿದ್ದರು. ಅಡುಗೆಮನೆಯ ಗೋಡೆ ಗಡಿಯಾರವನ್ನು ಅವರು ಹತ್ತು ನಿಮಿಷ ಮುಂದಿಟ್ಟಿದ್ದರು, ಯಾರಿಗೂ ತಡವಾಗದಿರಲಿ ಎಂದು. ಅದು ಮನೆಯವರಿಗೆಲ್ಲ ಗೊತ್ತಿದ್ದರಿಂದ, ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು ನಿಧಾನವಾಗಿಯೇ ಹೊರಡುತ್ತಿದ್ದರು. ಯಜಮಾನರು ಅದನ್ನು ಸುಳ್ಳು ಗಡಿಯಾರ ಎನ್ನುತ್ತಿದ್ದರು.

ಮಗ ಒಂದು ದಾರಿ ಹುಡುಕಿದ. ಎರಡು ವಾಚು ಮಾರಿದರೆ ಹಿತ್ತಲಿನ ಕಡೆ ತಾಯಿಗೊಂದು ಕೋಣೆ ಎಬ್ಬಿಸಬಹುದು. ಒಂದು ಭಾನುವಾರ ಹಳೆಯ ವಾಚು ಕೊಳ್ಳುವ ವ್ಯಾಪಾರಿಯೊಬ್ಬನನ್ನು ಕರೆತಂದ. ಯಜಮಾನರಿಗೆ ಮಾರುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ತೋರಿಸುವುದೆಂದರೆ ಆಸೆ. ನಡುಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಒಂದೊಂದನ್ನೇ ಇಟ್ಟರು. ಇದನ್ನು ಯಾವ ಊರಿನ ಯಾವ ಅಂಗಡಿಯಲ್ಲಿ ಎಷ್ಟು ಸಲ ನೋಡಿ ವಾಪಸು ಬಂದೆ, ಅದರ ಹಳೆಯ ಮಾಲೀಕ ಕೊಡುವಾಗ ಹೇಗೆ ಮುಖ ತಿರುಗಿಸಿಕೊಂಡ, ಎಲ್ಲ ಹೇಳಿದರು. ಸೋಫಾದ ಮೇಲಿಂದ ಟೀಚರಮ್ಮ ಟಿಪ್ಪಣಿ ಸೇರಿಸುತ್ತಿದ್ದರು. "ಅದು ವಾಷಿಂಗ್ ಮೆಷಿನ್. ಜೋಪಾನ, ಇನ್ನೂ ನನ್ನ ಕೈ ಉರಿ ಅದರಲ್ಲಿದೆ."

"ಪೆಟ್ಟಿಗೆ ಇದೆಯಾ ಸಾರ್? ಕಂಪನಿ ಪೆಟ್ಟಿಗೆ?" ವ್ಯಾಪಾರಿ ಕೇಳಿದ. "ಅದಿದ್ರೆ ಬೆಲೆಯೇ ಬೇರೆ."

"ಪೆಟ್ಟಿಗೆ ಯಾರು ಇಟ್ಕೋತಾರೆ? ಬಿಸಾಕಿದ್ದಾಯ್ತು."

"ಇವರು ಬಿಸಾಕು ಅಂದ್ರು. ನಾನು ಬಿಸಾಕಲಿಲ್ಲ" ಎಂದರು ಟೀಚರಮ್ಮ. ಸೊಸೆ ಒಳಗಿನಿಂದ ತಂದಿಟ್ಟಳು. ಚರ್ಮದ ಪೆಟ್ಟಿಗೆಯಲ್ಲಿ ಗುಂಡಿಗಳು, ಮರದ ಪೆಟ್ಟಿಗೆಯಲ್ಲಿ ಸೀಮೆಸುಣ್ಣದ ತುಂಡುಗಳು, ರೇಷ್ಮೆಯ ಒಳಹೊದಿಕೆ ಇದ್ದದ್ದರಲ್ಲಿ ಲವಂಗ. ವ್ಯಾಪಾರಿ ಲವಂಗದ ಪೆಟ್ಟಿಗೆಯನ್ನು ಮೂಸಿ, ಮೆಲ್ಲಗೆ ಮೇಜಿನ ಮೇಲಿಟ್ಟ.

ಯಜಮಾನರು ಮಾತು ತಿರುಗಿಸಲು ಸ್ಕೂಟರ್ ವಾಚನ್ನು ಬೆಳಕಿಗೆ ಹಿಡಿದರು. "ಈ ಬಣ್ಣ ನೋಡಿ. ಕೊಂಡಾಗ ಬಿಳೀ ಮುಖ. ಈಗ ದಂತದ ಹಾಗೆ ಹಳದಿಗೆ ತಿರುಗಿದೆ. ಎಲ್ಲದರ ಮುಖವೂ ಹಾಗೇ ಮಾಗಿದೆ."

ವ್ಯಾಪಾರಿ ನೋಡಿದ. ಮಗನ ಮುಖ ನೋಡಿದ. "ಬೆಳ್ಳಗೇ ಇದೆಯಲ್ಲ ಸಾರ್?"

"ಸರಿಯಾಗಿ ನೋಡಿ."

"ಹಾಲಿನ ಹಾಗಿದೆ ಸಾರ್."

ಸೊಸೆ ಲವಂಗದ ಪೆಟ್ಟಿಗೆ ಮುಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ವ್ಯಾಪಾರಿ ಹೋದ ಮೇಲೆ ಮಾವನನ್ನು ಕಿಟಕಿಯ ಬಳಿ ನಿಲ್ಲಿಸಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ತೋರಿಸಿದಳು. "ಮಾವ, ಎಡಗಣ್ಣು ಮುಚ್ಚಿ. ಕೆಳಗಿನ ಸಾಲು ಓದಿ."

"ಕೆಳಗೆ ಸಾಲೇ ಇಲ್ಲ."

"ಇದೆ. ಪೊರೆ ಬಂದಿದೆ ಮಾವ. ಹಣ್ಣಾಗಿದೆ. ಹಳದಿಯಾಗಿರೋದು ವಾಚಲ್ಲ."

ಟೀಚರಮ್ಮ ಸುಮ್ಮನಿರುವವರಲ್ಲ. "ತಪ್ಪು ಗೊತ್ತಿರೋ ತಕ್ಕಡಿ ಅಂತೆ. ನಿಮ್ಮ ಫೋನ್ ಮಾತು ಕೇಳಿ ಕೇಳಿ ನಂಗೂ ಬಾಯಿಪಾಠ ಆಗಿದೆ. ಸ್ವಂತ ಕಣ್ಣಿನ ತಪ್ಪು ಗೊತ್ತಾಗಲಿಲ್ಲ ನೋಡಿ."

ಆ ತಿಂಗಳು ಮುಗಿಯುವುದರೊಳಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಬಗ್ಗಬಾರದು, ಭಾರ ಎತ್ತಬಾರದು, ಸೂಕ್ಷ್ಮ ಕೆಲಸ ಕೂಡದು ಎಂದು ಹೇಳಿ ಕಳಿಸಿದರು. ಯಜಮಾನರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಹಡಿಯ ಮೇಲೆ ಮಲಗಿದರು. ಅವರು ಇಳಿಯುವಂತಿಲ್ಲ, ಹೆಂಡತಿ ಹತ್ತುವಂತಿಲ್ಲ. ಸೊಸೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸುಸ್ತಾದಳು.

"ವಾಚಿಗೆ ಕೀ ಯಾರು ಕೊಡ್ತಾರೆ?" ಮೇಲಿಂದ ಕೂಗು ಬಂತು.

"ನಾನು ಲಿಫ್ಟಿಗೆ ಹೋಗ್ಬೇಕಪ್ಪ" ಎಂದ ಮಗ.

"ನಾನಿಲ್ಲವೇ? ನಾನು ಕೊಡ್ತೀನಿ" ಎಂದರು ಟೀಚರಮ್ಮ, ಕೆಳಗಿನಿಂದ ಕೂಗಿ. "ಹೇಗೆ ಅಂತ ಹೇಳಿ!"

"ತಿರುಪು ಗಟ್ಟಿಯಾಗೋವರೆಗೆ ತಿರುಗಿಸು. ಗಟ್ಟಿಯಾದ ಮೇಲೆ ಒಂದು ಕೂದಲಿನಷ್ಟೂ ತಿರುಗಿಸಬೇಡ. ಕೈ ಒದ್ದೆ ಇರಬಾರದು. ಕೊಂಡ ಕ್ರಮದಲ್ಲೇ ಕೊಡ್ಬೇಕು."

"ಕ್ರಮ ನಂಗೆ ನಿಮಗಿಂತ ಚೆನ್ನಾಗಿ ಗೊತ್ತು. ಮೊದಲು ಫ್ರಿಜ್ಜು."

ಮುಳ್ಳು ಮುಟ್ಟಬೇಡ ಎಂದು ಯಜಮಾನರು ಹೇಳಲಿಲ್ಲ. ಯಾರಾದರೂ ಮುಟ್ಟಬಹುದೆಂಬುದೇ ಅವರಿಗೆ ಹೊಳೆದಿರಲಿಲ್ಲ.

ಟೀಚರಮ್ಮ ಆ ಕೋಣೆಯಲ್ಲಿ ಕೂತು ಎಷ್ಟೋ ವರ್ಷವಾಗಿತ್ತು. ಕುರ್ಚಿ ಮೆತ್ತಗಿತ್ತು, ಗಾಳಿ ತಣ್ಣಗಿತ್ತು, ಬೀದಿಯ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ಬೆಳಗಿನ ತಿಂಡಿಯಾದ ಮೇಲೆ ಒಳಗೆ ಹೋದರೆ ಅಡುಗೆಯ ಹೊತ್ತಿಗೇ ಹೊರಗೆ ಬರುತ್ತಿದ್ದರು. "ಅತ್ತೆ, ಕೀ ಕೊಡೋಕೆ ಇಷ್ಟು ಹೊತ್ತಾ?" ಎಂದು ಸೊಸೆ ಕೇಳಿದರೆ, "ಮಾವನಿಗೆ ಹೇಳ್ಬೇಡ ಕಣೇ. ಕಣ್ಣು ಬಿಟ್ಟ ದಿನ ನೋಡ್ಲಿ" ಎಂದು ಗುಟ್ಟಾಗಿ ನಗುತ್ತಿದ್ದರು.

ಆ ದಿನ ಬಂತು. ಯಜಮಾನರು ಹೊಸ ಕಣ್ಣಿನಲ್ಲಿ ಮೆಟ್ಟಿಲಿಳಿದು ಬಂದರು. ಗೋಡೆ ಇಷ್ಟು ಕೊಳಕಾಗಿದೆಯೇ ಎಂದು ಕೇಳಿದರು. ಹೆಂಡತಿಯ ತಲೆ ಪೂರ್ತಿ ಬೆಳ್ಳಗಾಗಿದೆಯೆಂಬುದನ್ನು ನೋಡಿದರು, ಅದನ್ನು ಕೇಳಲಿಲ್ಲ. ನೇರ ಕೋಣೆಗೆ ಹೋದರು. ಟೀಚರಮ್ಮ ಕೋಲೂರಿಕೊಂಡು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಬೀರು ತೆರೆದರೆ ಎಲ್ಲ ವಾಚುಗಳಲ್ಲೂ ಒಂದೇ ಸಮಯ. ಎಲ್ಲ ಮುಳ್ಳುಗಳೂ ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಹಾಗೆ ಒಂದೇ ಕಡೆ ನೋಡುತ್ತಿದ್ದವು. ಬಾಗಿಲ ಒಳಮೈಯ ಕಪ್ಪು ಹಲಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಥಳಥಳಿಸುತ್ತಿತ್ತು.

"ಹೇಗಿದೆ?" ಎಂದರು ಟೀಚರಮ್ಮ.

ಯಜಮಾನರು ಒಂದು ವಾಚು ಎತ್ತಿಕೊಂಡರು. ಇನ್ನೊಂದು ಎತ್ತಿಕೊಂಡರು. "ಏನು ಮಾಡಿದೆ?"

"ಎಲ್ಲ ಸರಿ ಮಾಡಿದೆ. ಒಂದೊಂದು ಒಂದೊಂದು ಟೈಮ್ ತೋರಿಸ್ತಿತ್ತಲ್ಲ. ತಪ್ಪು ಕಣ್ಣಿಗೆ ಬಿದ್ದರೆ ತಿದ್ದದೆ ಇರೋಕಾಗುತ್ತಾ ನಂಗೆ? ಬೋರ್ಡೂ ಒರೆಸಿದೆ. ಬೋರ್ಡು ಒರೆಸದೆ ಕ್ಲಾಸಿಂದ ಆಚೆ ಬಂದವಳಲ್ಲ ನಾನು."

"ಅದು ಮೂವತ್ತು ವರ್ಷದ ಓಟ." ಅವರ ದನಿ ಏರಲಿಲ್ಲ. "ಒಂದೊಂದರದ್ದೂ. ಬಿಟ್ಟಿದ್ದೆ ನಾನು ಅದನ್ನ, ಬೇಕೂಂತ್ಲೇ ಬಿಟ್ಟಿದ್ದೆ. ಎಲ್ಲ ಹೋಯ್ತು."

"ಬೇಕೂಂತ್ಲೇ? ಹಾಗಂತ ಒಂದು ದಿನ ಹೇಳಿದ್ರಾ?"

"ನೀನು ಕೇಳಿದ್ಯಾ?"

"ಬಾಗಿಲು ಹಾಕ್ಕೊಂಡಿದ್ರಿ, ಯಾರನ್ನ ಕೇಳ್ಲಿ? ಬೀರೂನ?"

ಅಷ್ಟರಲ್ಲಿ ಯಜಮಾನರು ರೇಡಿಯೋ ಹಚ್ಚಿದ್ದರು. ಸಮಯ ಹೇಳಿತು. ಅವರು ವಾಚು ನೋಡಿದರು. "ಇದೂ ಸರಿ ಇಲ್ಲ. ಎಲ್ಲ ಹತ್ತು ನಿಮಿಷ ಮುಂದಿದೆ! ಆ ಸುಳ್ಳು ಗಡಿಯಾರ ನೋಡಿ ಕೂಡಿಸಿದ್ಯಾ?"

"ಅದು ಸುಳ್ಳಲ್ಲ. ಈ ಮನೆ ಟೈಮೇ ಅದು. ಅದನ್ನ ನೋಡ್ಕೊಂಡೇ ನಿಮಗೆಲ್ಲ ಬೇಯಿಸಿ ಹಾಕಿದ್ದು, ಅದನ್ನ ನೋಡ್ಕೊಂಡೇ ನಾನು ಸ್ಕೂಲಿಗೆ ನಡೆದದ್ದು."

"ನಡೆಯೋದಕ್ಕೂ ಇದಕ್ಕೂ ಏನು ಸಂಬಂಧ?"

"ಇದೆ" ಎಂದರು ಟೀಚರಮ್ಮ. ಕೋಲಿನ ತುದಿಯಲ್ಲಿ ಬೀರುವಿನ ಒಂದು ತಟ್ಟೆ ತೋರಿಸಿದರು. "ಅದು ಸ್ಕೂಟರ್. ಸ್ಕೂಲು ಬೆಟ್ಟದ ಮೇಲೆ, ಬಸ್ಸಿಲ್ಲ, ಸ್ಕೂಟರ್ ತರ್ತೀನಿ ಅಂದ್ರಿ. ನೀವು ತಂದಿದ್ದು ಅದನ್ನ. ಆ ಸ್ಕೂಟರ್ ನನ್ನ ಮಂಡಿಗಳಲ್ಲಿ ಓಡ್ತು. ಅದರ ಓಟ ಬರೆದಿಟ್ಟಿದ್ದೀರಾ ಎಲ್ಲಾದ್ರೂ?"

ಅವರು ಕೋಲೂರಿಕೊಂಡು ಸೋಫಾಕ್ಕೆ ಹಿಂದಿರುಗಿದರು.

ಆಮೇಲೆ ಕೆಲವು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು. ಯಜಮಾನರು ಊಟದ ತಟ್ಟೆ ಮಹಡಿಗೇ ತರಿಸಿಕೊಂಡರು. ಕಾಗದ ಹರಡಿಕೊಂಡು, ಯಾವ ವಾಚು ಎಷ್ಟು ಸರಿದಿತ್ತು ಎಂದು ನೆನಪಿನಿಂದ ಬರೆಯಲು ಕೂತರು. ಐದಾರು ನೆನಪಿತ್ತು. ಉಳಿದದ್ದು ಒಂದರ ಜೊತೆ ಒಂದು ಕಲಸಿಹೋಯಿತು. ಅಂದಾಜಿನಲ್ಲಿ ಕೂಡಿಸುವುದು ಅವರಿಂದ ಆಗದ ಕೆಲಸ. ಕಾಗದ ಮಡಿಸಿಟ್ಟರು. ಕೆಳಗೆ ಟೀಚರಮ್ಮ ಸೊಸೆಯ ಕೈಲಿ ಹೇಳಿಕಳಿಸಿದರು: "ಸೊಪ್ಪಿಗೆ ಉಪ್ಪು ಕಮ್ಮಿ ಇದೆಯಾ ಕೇಳು." ಮೇಲಿಂದ ಉತ್ತರ ಬಂತು: "ಸರಿ ಇದೆ ಅಂತ ಹೇಳು."

ಮೂರನೇ ಸಲ ಉಪ್ಪಿನ ವಿಷಯ ಹೊತ್ತು ಮೆಟ್ಟಿಲ ನಡುವೆ ಬಂದಾಗ ಸೊಸೆ ಅಲ್ಲೇ ಕೂತುಬಿಟ್ಟಳು. ಮೇಲಕ್ಕೂ ಕೆಳಕ್ಕೂ ಕೇಳುವ ಹಾಗೆ ಹೇಳಿದಳು: "ಅತ್ತೆ ಸೋಫಾ ಮೇಲೆ, ಮಾವ ಮಹಡಿ ಮೇಲೆ, ನಾನು ಮೆಟ್ಟಿಲ ಮೇಲೆ. ಇಡೀ ದಿನ ಅಂಗಡೀಲಿ ನಿಂತು ಬರ್ತೀನಿ. ನಾಳೆ ನನ್ನ ಮಂಡಿ ಹೋದ್ರೆ ಇನ್ನೊಂದು ಸೋಫಾ ಬೇಕಾಗುತ್ತೆ. ಇರೋದೊಂದೇ. ವಾಚಲ್ಲ, ಕೂರೋದು."

ಮಗ ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಹೋದ.

ಮರುದಿನ ಯಜಮಾನರು ತಿಂಡಿಗೆ ಕೆಳಗೆ ಬಂದರು. ಗಂಜಿ ಕುಡಿದು, ಮಗನನ್ನು ಕರೆದರು. "ನಿನ್ನ ಟೇಪು ತಾ."

"ಯಾಕಪ್ಪ?"

"ತಾ ಅಂದ್ರೆ ತಾ."

ವಾಚಿನ ಕೋಣೆಯ ಉದ್ದ ಅಳೆದರು, ಅಗಲ ಅಳೆದರು, ಬಾಗಿಲು ತೆರೆದುಕೊಳ್ಳುವ ಜಾಗ ಅಳೆದರು. ಮಗ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದ. "ಬೀರು, ಮೇಜು ಎರಡೂ ಇದ್ರೆ ಮಂಚ ಹಿಡಿಯಲ್ಲ" ಎಂದರು. "ಬೀರು ಹೋದ್ರೆ ಒಂದು ಮಂಚ. ಮೇಜೂ ಹೋದ್ರೆ ಎರಡು."

"ಎರಡ್ಯಾಕೆ?"

"ನಾನು ಮೇಲೆ ಬೀರು ಕಾಯ್ತಾ ಮಲಗ್ಬೇಕಾ?"

"ಮೇಲೆ ತಾರಸಿ ಕಾಯುತ್ತಲ್ಲಪ್ಪ. ಎಣ್ಣೆ ತೆಳ್ಳಗಾಗುತ್ತಲ್ಲ."

"ಆಗುತ್ತೆ" ಎಂದರು ಯಜಮಾನರು. "ಎಷ್ಟು ಆಗುತ್ತೆ ಅಂತ ನೋಡೋಣ."

ಭಾನುವಾರ ಮಗ ತನ್ನ ಜೊತೆ ಕೆಲಸ ಮಾಡುವ ಇಬ್ಬರನ್ನು ಕರೆತಂದ. ಬೀರುವಿಗೆ ಹಗ್ಗ ಕಟ್ಟಿ ಮೇಲಕ್ಕೇರಿಸಿದರು. ಯಜಮಾನರು ವಾಚುಗಳನ್ನು ಚಿಕ್ಕ ಚಿಕ್ಕ ತಟ್ಟೆಗಳಲ್ಲಿಟ್ಟು ತಾವೇ ಒಯ್ದರು, ಕೊಂಡ ಕ್ರಮದಲ್ಲಿ. ಯಾವುದರ ಮುಳ್ಳನ್ನೂ ಹಿಂದಕ್ಕೆ ತಿರುಗಿಸಲಿಲ್ಲ. ಎಲ್ಲವೂ ಅಡುಗೆಮನೆಯ ಹತ್ತು ನಿಮಿಷ ಹೊತ್ತುಕೊಂಡೇ ಮಹಡಿ ಹತ್ತಿದವು. ಬೀರುವಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೊದಲನೆಯ ಸಾಲು ಬರೆದರು: ಎಲ್ಲವೂ ಹತ್ತು ನಿಮಿಷ ಮುಂದೆ.

ಕೆಳಗೆ ಎರಡು ಮಂಚಗಳ ನಡುವೆ ಒಬ್ಬರು ನಡೆದಾಡುವಷ್ಟು ಜಾಗ ಉಳಿಯಿತು. ಟೀಚರಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಎರಡೂ ಕಾಲು ಚಾಚಿದರು. ಹಿಮ್ಮಡಿ ಏನಕ್ಕೂ ತಾಗಲಿಲ್ಲ. ಯಜಮಾನರು ಜೇಬಿನಿಂದ ಸ್ಕೂಟರ್ ವಾಚು ತೆಗೆದು ಕಿಟಕಿಯ ದಂಡೆಯ ಮೇಲಿಟ್ಟರು.

"ಇದ್ಯಾಕೆ ಇಲ್ಲಿ?"

"ಇದು ಎಲ್ಲಕ್ಕಿಂತ ನಾಜೂಕು. ಮೇಲಿನ ಬಿಸಿ ತಡೆಯಲ್ಲ. ದಿನಾ ನೀನೇ ಕೀ ಕೊಡು."

"ನಾನು ಮುಟ್ಟಿದ್ರೆ ಆಗುತ್ತಾ?"

"ಕೀ ಕೊಡೋಕೆ ಮಾತ್ರ. ಮುಳ್ಳು ಮುಟ್ಟೋ ಹಾಗಿಲ್ಲ. ಹಿಂದೆ ಬಿದ್ರೂ, ಮುಂದೆ ಓಡಿದ್ರೂ."

"ತಪ್ಪು ತೋರಿಸ್ತಿದ್ರೂ?"

"ತಪ್ಪು ತೋರಿಸ್ತಿದ್ರೂ."

"ಅದು ಕಷ್ಟ" ಎಂದರು ಟೀಚರಮ್ಮ.

ಸೋಫಾದ ಮೇಲೆ ಈಗ ಮೂರು ಜನ ಕೂರತೊಡಗಿದರು. ಬೆಳಿಗ್ಗೆ ಯಜಮಾನರು ಮಹಡಿ ಹತ್ತಿ, ಬೆವರು ಒರೆಸಿಕೊಳ್ಳುತ್ತ ಎಲ್ಲಕ್ಕೂ ಕೀ ಕೊಡುತ್ತಿದ್ದರು. ಬಾಗಿಲು ಹಾಕಿಕೊಂಡರೆ ಸೆಕೆ, ಹಾಗಾಗಿ ಬಾಗಿಲು ತೆರೆದೇ ಇರುತ್ತಿತ್ತು. ಹಲಗೆಯ ಮೇಲೆ ಹೊಸ ಅಂಕಿಗಳು ಏಳತೊಡಗಿದವು. ಕೆಲವು ವಾಚುಗಳು ಬಿಸಿಗೆ ಓಟ ಬದಲಿಸಿದ್ದವು.

ಹೀಗೇ ಕೆಲವು ವಾರ ಕಳೆದ ಮೇಲೆ, ಯಜಮಾನರು ವಾಷಿಂಗ್ ಮೆಷಿನ್ನಿಗೆ ಕೀ ಕೊಡುತ್ತಿದ್ದಾಗ ಕೆಳಗಿನಿಂದ ದೊಡ್ಡ ದನಿ ಬಂತು. ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿ.

"ರೀ! ಸ್ಕೂಟರ್ ಹಿಂದೆ ಬಿದ್ದಿದೆ!"

"ಯಾವುದಕ್ಕಿಂತ?"

"ಅಡುಗೆಮನೆಗಿಂತ! ಅರ್ಧ ನಿಮಿಷ! ಮುಟ್ಟಿಲ್ಲ, ಕೈ ಕಟ್ಕೊಂಡು ಕೂತಿದ್ದೀನಿ. ಆದ್ರೆ ಬೇಗ ಬನ್ನಿ, ಬಹಳ ಹೊತ್ತು ಹೀಗೆ ಕೂರೋಕಾಗಲ್ಲ ನಂಗೆ!"

ಯಜಮಾನರು ಉಳಿದ ವಾಚುಗಳನ್ನು ನೋಡಿದರು. ಕ್ರಮದಲ್ಲಿ ಇನ್ನೂ ಬಹಳ ಬಾಕಿ ಇತ್ತು. ವಾಷಿಂಗ್ ಮೆಷಿನ್ನನ್ನು ತಟ್ಟೆಯಲ್ಲಿಟ್ಟರು. ಬೀರುವನ್ನು ತೆರೆದೇ ಬಿಟ್ಟು, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದರು.